ಒಂದು ತಿರುವಿನಿಂದ ಶುರು ಮಾಡಿ: ಊರಿನಲ್ಲಿ ರಸ್ತೆ ಸುರಕ್ಷತೆಯ ಗುಂಪು ಕಟ್ಟಿ ಬೆಳೆಸುವುದು ಹೇಗೆ?

ನಮ್ಮೂರು ಚಿಕ್ಕಮಗಳೂರು–ಮೂಡಿಗೆರೆ ರಸ್ತೆಯ ಪಕ್ಕದಲ್ಲಿದೆ. ಸರ್ಕಾರದ ಲೆಕ್ಕದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 173. ನಮಗೆ ಅದು ಡೇರಿಗೆ, ಸ್ಕೂಲಿಗೆ, ಸಂತೆಗೆ ಹೋಗುವ ದಾರಿ. ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ಸಂಜೆ, ಜಡಿಮಳೆ ಹಿಡಿದಿತ್ತು. ಊರಿನ ಕೆಳಗಿನ ತಿರುವಿನಲ್ಲಿ ಒಬ್ಬ ಹುಡುಗ ಬೈಕ್ ಸಮೇತ ಜಾರಿ ಬಿದ್ದ. ಹೆಲ್ಮೆಟ್ ಇತ್ತು, ಆದರೆ ತಲೆಯ ಮೇಲಲ್ಲ, ಬೈಕಿನ ಕನ್ನಡಿಯ ಮೇಲೆ. ನಾವು ಎಂಟು ಹತ್ತು ಜನ ಸುತ್ತ ನಿಂತಿದ್ದೆವು. ಒಬ್ಬರು ನೀರು ಕುಡಿಸಿ ಅಂದರು. ಇನ್ನೊಬ್ಬರು ಮುಟ್ಟಬೇಡಿ, ಕೇಸ್ ಆಗತ್ತೆ ಅಂದರು. ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ. ಹುಡುಗ ಬದುಕಿದ. ಆದರೆ ಆ ಅರ್ಧ ಗಂಟೆ ನಮ್ಮ ತಲೆಯಿಂದ ಹೋಗಲೇ ಇಲ್ಲ.

ಮುಂದಿನ ತಿಂಗಳು ನಾವು ಒಂದು ಬೈಕ್ ರ್‍ಯಾಲಿ ಮಾಡಿದೆವು. ಬ್ಯಾನರ್, ಘೋಷಣೆ, ಫೋಟೊ ಎಲ್ಲ ಆಯಿತು. ಮಾರನೇ ದಿನ ಬೆಳಿಗ್ಗೆ ಅದೇ ರಸ್ತೆಯಲ್ಲಿ ಅದೇ ಜನ ಬರಿತಲೆಯಲ್ಲಿ ಹೋಗುತ್ತಿದ್ದರು. ಗುಂಪು ನಿಜವಾಗಿ ಬೆಳೆಯಲು ಶುರುವಾಗಿದ್ದು ಆಮೇಲೆ, ಒಂದೇ ಜಾಗದಲ್ಲಿ, ಒಂದೇ ಕೆಲಸವನ್ನು ತಿಂಗಳು ತಪ್ಪದೆ ಮಾಡಿದಾಗ. ನೀವು ಹಾಸನದಲ್ಲಿರಲಿ, ಆಲೂರಿನಲ್ಲಿರಲಿ, ಕೊಪ್ಪದಲ್ಲಿರಲಿ, ಹೀಗೆ ಮಾಡಿ ನೋಡಿ.

ಮೊದಲು ಐದು ಜನ ಸಾಕು

ಐವತ್ತು ಜನರ ವಾಟ್ಸಾಪ್ ಗುಂಪು ಮಾಡಬೇಡಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ ಅಂದರೆ ಬರುವ ಐದು ಜನರನ್ನು ಹುಡುಕಿ. ಐವರೂ ಒಂದೇ ತರಹದವರಾಗಿರಬಾರದು. ಬೈಕ್ ಓಡಿಸುವ ಹುಡುಗರು ಬೇಗ ಸಿಗುತ್ತಾರೆ, ಅವರು ಬೇಕು. ಆದರೆ ಅವರಷ್ಟೇ ಇದ್ದರೆ ಊರಿನವರು ಅದನ್ನು ಹುಡುಗರ ಕ್ಲಬ್ ಅಂದುಕೊಳ್ಳುತ್ತಾರೆ.

ಗ್ಯಾರೇಜಿನವರು ಒಬ್ಬರು ಇರಲಿ. ಯಾರ ಬ್ರೇಕ್ ಸವೆದಿದೆ, ಯಾರ ಟೈರ್ ಬೋಳಾಗಿದೆ ಅಂತ ಊರಿನಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಬಾಡಿಗೆ ಜೀಪ್ ಅಥವಾ ಪಿಕಪ್ ಓಡಿಸುವವರು ಒಬ್ಬರು ಬೇಕು. ಆಶಾ ಕಾರ್ಯಕರ್ತೆ ಅಥವಾ ನರ್ಸ್ ಒಬ್ಬರು ಇದ್ದರೆ ಮನೆಮನೆಗೆ ಮಾತು ತಲುಪುತ್ತದೆ. ಕಾಫಿ ತೋಟದ ಕಡೆಯವರಾದರೆ ಒಬ್ಬ ರೈಟರನ್ನು, ಅಂದರೆ ತೋಟದಲ್ಲಿ ಆಳು, ಕೂಲಿಯ ಲೆಕ್ಕ ನೋಡುವವರನ್ನು ಕೇಳಿ, ಕೂಲಿ ಕಾರ್ಮಿಕರು ಯಾವ ಗಾಡಿಯಲ್ಲಿ ಬರುತ್ತಾರೆ ಅನ್ನೋದು ಅವರಿಗೆ ಗೊತ್ತು. ಐದನೆಯವರು ಲೆಕ್ಕ ಬರೆಯಲು ಬೇಸರಪಡದವರು. ಟೀಚರ್ ಆದರೆ ಇನ್ನೂ ಒಳ್ಳೆಯದು.

ಹೆಂಗಸರು ಮೊದಲ ದಿನದಿಂದಲೇ ಇರಲಿ. ಹಿಂದೆ ಕೂರುವವರು ಹೆಚ್ಚಾಗಿ ಅವರೇ, ಮಗುವನ್ನು ತೊಡೆಯ ಮೇಲೆ ಹಿಡಿದುಕೊಂಡವರೂ ಅವರೇ. ಅವರ ಅನುಭವ ಕೇಳದೆ ನೀವು ಮಾಡುವ ಯೋಜನೆ ಅರ್ಧವೇ ಆಗಿರುತ್ತದೆ.

ಒಂದು ಕಿಲೋಮೀಟರ್ ಆರಿಸಿ, ಕೂತು ಎಣಿಸಿ

ಇದು ತುಂಬಾ ಮುಖ್ಯವಾದ ಹೆಜ್ಜೆ. ಬಹಳ ಗುಂಪುಗಳು ಇದನ್ನು ಬಿಟ್ಟು ನೇರ ಭಾಷಣಕ್ಕೆ ಹೋಗುತ್ತವೆ.

ತಾಲ್ಲೂಕಿನ ಎಲ್ಲ ರಸ್ತೆಗಳ ಚಿಂತೆ ಈಗ ಬೇಡ. ನಿಮ್ಮೂರಿನ ಒಂದು ಕಿಲೋಮೀಟರ್ ಸಾಕು. ತಿರುವು ಇರುವ ಜಾಗ, ಶಾಲೆಯ ಮುಂದೆ, ಸಂತೆ ಸೇರುವ ಕಡೆ, ಎಲ್ಲಿ ಜಾಸ್ತಿ ಜನ ಬೀಳುತ್ತಾರೋ ಅಲ್ಲಿ. ಸರ್ಕಾರ ಹೆದ್ದಾರಿಯಲ್ಲಿ ‘ಬ್ಲ್ಯಾಕ್ ಸ್ಪಾಟ್’ ಗುರುತಿಸಲು ಒಂದು ಅಳತೆ ಇಟ್ಟುಕೊಂಡಿದೆ: ಸುಮಾರು 500 ಮೀಟರ್ ಉದ್ದದಲ್ಲಿ, ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ನಿಮ್ಮ ತಿರುವು ಆ ಪಟ್ಟಿಯಲ್ಲಿ ಇಲ್ಲದಿರಬಹುದು. ಪಟ್ಟಿಗೆ ಸೇರುವವರೆಗೆ ಕಾಯುವುದು ಬೇಡ ಅಂತಲೇ ಅಲ್ವಾ ನಾವು ಗುಂಪು ಕಟ್ಟುವುದು?

ಈಗ ಒಂದು ನೋಟ್‌ಬುಕ್ ತಗೊಳ್ಳಿ. ರಸ್ತೆಯಿಂದ ದೂರ, ಅಂಗಡಿಯ ಜಗಲಿಯ ಮೇಲೆ ಇಬ್ಬರು ಒಂದು ಗಂಟೆ ಕೂರಿ. ಹಾದು ಹೋಗುವ ಪ್ರತಿ ಬೈಕ್, ಸ್ಕೂಟರಿಗೆ ಒಂದು ಗೀಟು. ಕಾಲಂಗಳು ಹೀಗಿರಲಿ: ಓಡಿಸುವವರು ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದಿದ್ದಾರಾ, ಹಾಕಿದ್ದರೂ ಪಟ್ಟಿ ಬಿಟ್ಟಿದ್ದಾರಾ, ಕನ್ನಡಿಗೋ ಟ್ಯಾಂಕಿಗೋ ಇಟ್ಟಿದ್ದಾರಾ, ಹೆಲ್ಮೆಟ್ಟೇ ಇಲ್ಲವಾ. ಹಿಂದೆ ಕೂತವರಿಗೆ ಬೇರೆ ಕಾಲಂ. ಮಕ್ಕಳಿಗೆ ಮತ್ತೊಂದು. ಪಟ್ಟಿ ಬಿಗಿಯದವರನ್ನು ಬೇರೆ ಎಣಿಸುವುದು ಯಾಕೆಂದರೆ ಬಿಗಿಯದ ಹೆಲ್ಮೆಟ್ ಬೀಳುವಾಗ ಮೊದಲೇ ಹಾರಿ ಹೋಗುತ್ತದೆ.

ಪ್ರತಿ ತಿಂಗಳು ಅದೇ ಜಾಗ, ಅದೇ ವಾರ, ಅದೇ ಹೊತ್ತು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಎಣಿಸಿದ್ದನ್ನು ಭಾನುವಾರ ಸಂಜೆಯ ಲೆಕ್ಕಕ್ಕೆ ಹೋಲಿಸಿದರೆ ಅರ್ಥವಿಲ್ಲ. ಮಳೆ ಇತ್ತಾ, ಆ ದಿನ ಪೊಲೀಸರು ಹತ್ತಿರ ನಿಂತಿದ್ದರಾ ಅನ್ನುವುದನ್ನೂ ಬರೆದಿಡಿ. ಪೊಲೀಸರನ್ನು ಕಂಡರೆ ಎಲ್ಲರೂ ಹೆಲ್ಮೆಟ್ ಹಾಕಿಕೊಳ್ಳುತ್ತಾರೆ, ಆ ದಿನದ ಲೆಕ್ಕ ನಿಮ್ಮ ಕೆಲಸದ ಫಲ ಅಲ್ಲ. ನೂರಕ್ಕೆ ಎಷ್ಟು ಅಂತ ಲೆಕ್ಕ ಹಾಕಿ ಹಾಲಿನ ಡೇರಿಯ ಗೋಡೆಗೆ ಒಂದು ಹಾಳೆ ಅಂಟಿಸಿ. ಯಾರ ಹೆಸರೂ ಬೇಡ, ಗಾಡಿ ನಂಬರೂ ಬೇಡ. ಫೋಟೊ ತೆಗೆದು ಹಾಕಿ ಅವಮಾನ ಮಾಡಿದರೆ ಆ ಮನೆಯವರು ಮತ್ತೆಂದೂ ನಿಮ್ಮ ಮಾತು ಕೇಳುವುದಿಲ್ಲ.

ಗೋಡೆಯ ಮೇಲಿನ ಆ ಹಾಳೆ ಹೊಸ ಸದಸ್ಯರನ್ನು ತರುತ್ತದೆ. ಹಾಲು ಹಾಕಲು ಬಂದವರು ಓದುತ್ತಾರೆ, ಹೋದ ತಿಂಗಳಿಗಿಂತ ಮೇಲೆ ಹೋಗಿದೆಯಾ ಅಂತ ಕೇಳುತ್ತಾರೆ. ಹಾಗೆ ಕೇಳಿದವರಿಗೆ ಮುಂದಿನ ತಿಂಗಳ ಪೆನ್ನು ಕೊಡಿ.

ಠಾಣೆಗೆ ಒಂದು ಸಲ ಹೋಗಿ ಬನ್ನಿ

ರಸ್ತೆ ಬದಿ ನಿಲ್ಲುವ ಮೊದಲು ನಿಮ್ಮ ಪೊಲೀಸ್ ಠಾಣೆಗೂ ಗ್ರಾಮ ಪಂಚಾಯಿತಿಗೂ ಒಂದೊಂದು ಪತ್ರ ಕೊಡಿ. ಯಾರು, ಎಲ್ಲಿ, ಯಾವ ದಿನ, ಏನು ಮಾಡುತ್ತೀರಿ ಅಂತ ಅರ್ಧ ಪುಟ ಸಾಕು. ಇನ್ನೊಂದು ಪ್ರತಿಗೆ ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ.

ಗುಂಪಿನ ಒಳಗೆ ಒಂದು ವಿಷಯ ಖಡಾಖಂಡಿತವಾಗಿರಲಿ. ಗಾಡಿ ತಡೆಯುವ ಅಧಿಕಾರ ನಮಗಿಲ್ಲ. ಕೀ ಕಿತ್ತುಕೊಳ್ಳುವಂತಿಲ್ಲ, ದಾಖಲೆ ಕೇಳುವಂತಿಲ್ಲ, ದಂಡದ ಬೆದರಿಕೆ ಹಾಕುವಂತಿಲ್ಲ. ನಿಂತಿರುವ ಗಾಡಿಯ ಹತ್ತಿರ ಹೋಗಿ ಮಾತಾಡಬಹುದು, ಅಷ್ಟೇ. ಹಾಗಾಗಿ ಪೆಟ್ರೋಲ್ ಬಂಕ್, ಟೀ ಅಂಗಡಿ, ಡೇರಿ, ರೇಷನ್ ಅಂಗಡಿಯ ಮುಂದೆ ನಿಲ್ಲಿ. ತಿರುವಿನಲ್ಲಿ ಯಾವತ್ತೂ ನಿಲ್ಲಬೇಡಿ. ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ಇಲ್ಲದೆ ಯಾರೂ ರಸ್ತೆ ಬದಿಗೆ ಇಳಿಯಬಾರದು. ಪ್ರತಿಯೊಬ್ಬ ಸ್ವಯಂಸೇವಕರಿಗೂ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 2 ಲಕ್ಷ. 18ರಿಂದ 70 ವರ್ಷದವರೆಗಿನವರು ಮಾಡಿಸಬಹುದು.

ಹೆಲ್ಮೆಟ್ ಬಗ್ಗೆ ಮಾತಾಡುವುದನ್ನು ಕಲಿಯಿರಿ

2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದವರು. ಅದಕ್ಕೇ ಮೊದಲ ವರ್ಷ ಬೈಕಿನವರ ಹಿಂದೆ ಬೀಳಿ ಅನ್ನುತ್ತೇನೆ. ಹೆಲ್ಮೆಟ್ ಹಾಕಿದರೆ ಸಾವಿನ ಸಂಭವ ಸುಮಾರು ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಶೇ. 69ರಷ್ಟು ತಗ್ಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ.

ಆದರೆ ಬಂಕಿನಲ್ಲಿ ನಿಂತು ಈ ಅಂಕಿ ಹೇಳಬೇಡಿ, ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಕೆಲಸ ಮಾಡಿದ ಮಾತು ಚಿಕ್ಕದು. ‘ಅಣ್ಣಾ, ಹೆಲ್ಮೆಟ್ ಚೆನ್ನಾಗಿದೆ. ಪಟ್ಟಿ ಒಂದು ಹಾಕ್ಕೊಂಡ್ಬಿಡಿ.’ ಅಷ್ಟು ಹೇಳಿ ಸುಮ್ನೆ ನಿಲ್ಲಬೇಕು. ಹತ್ತರಲ್ಲಿ ಆರೇಳು ಜನ ಅಲ್ಲೇ ಹಾಕಿಕೊಳ್ಳುತ್ತಾರೆ. ಹಿರಿಯರಾದರೆ ‘ಯಜಮಾನ್ರೇ, ಮನೆಯವರಿಗೂ ಒಂದು ತಗೊಳ್ಳಿ’ ಅನ್ನಿ. ವಾದ ಮಾಡುವವರ ಜೊತೆ ವಾದಕ್ಕೆ ಇಳಿಯಬೇಡಿ. ನಕ್ಕು, ಹುಷಾರಾಗಿ ಹೋಗಿ ಬನ್ನಿ ಅಂತ ಕಳಿಸಿ. ಅವರು ನಾಳೆಯೂ ಅದೇ ಬಂಕಿಗೆ ಬರುತ್ತಾರೆ, ನೀವೂ ಇರುತ್ತೀರಿ.

ಹೆಲ್ಮೆಟ್ ನೋಡಿ ಕೊಳ್ಳುವುದನ್ನು ಎಲ್ಲ ಸದಸ್ಯರೂ ಕಲಿತಿರಲಿ. ಐಎಸ್‌ಐ ಗುರುತಿನ ಜೊತೆ ಐಎಸ್ 4151 ಅಂತ ಇರಬೇಕು. ತಲೆಗೆ ಹಾಕಿ ಅತ್ತ ಇತ್ತ ಆಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೇ ಆಡಬೇಕು. ಬರೀ ಹೆಲ್ಮೆಟ್ ತಿರುಗಿದರೆ ಅದು ದೊಡ್ಡದು. ಪಟ್ಟಿ ಬಿಗಿದಾಗ ಗದ್ದದ ಕೆಳಗೆ ಎರಡು ಬೆರಳು ಮಾತ್ರ ಹೋಗಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಕುಸಿದಿರುತ್ತದೆ, ಬದಲಾಯಿಸಲೇಬೇಕು. ಅರ್ಧ ಟೋಪಿಯಂತಹ ಅಗ್ಗದ ಹೆಲ್ಮೆಟ್ ದಂಡದಿಂದ ತಪ್ಪಿಸಿಕೊಳ್ಳಲು ಮಾತ್ರ.

ಮಕ್ಕಳ ವಿಷಯವನ್ನು ಶಾಲೆಯ ಪೋಷಕರ ಸಭೆಯಲ್ಲಿ ಎತ್ತಿ. 4 ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. 9 ತಿಂಗಳಿನಿಂದ 4 ವರ್ಷದ ಮಗುವಿಗೆ ಹೆಲ್ಮೆಟ್, ಮಗುವನ್ನು ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟ್ ಎರಡೂ ಬೇಕು, ವೇಗ 40 ಕಿಲೋಮೀಟರ್ ದಾಟಬಾರದು. ಹೈಸ್ಕೂಲ್ ಹುಡುಗರ ಕೈಗೆ ಸ್ಕೂಟರ್ ಕೊಡುವ ಅಪ್ಪಂದಿರಿಗೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಓದಿ ಹೇಳಿ. ಮಗ ಅಪರಾಧ ಮಾಡಿದರೆ ಅಪ್ಪನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಈ ಕೊನೆಯ ಮಾತು ಕೇಳಿದಾಗ ಹಿಂದಿನ ಬೆಂಚಿನ ಅಪ್ಪಂದಿರೂ ತಲೆ ಎತ್ತುತ್ತಾರೆ.

ಘಾಟಿ, ಮಂಜು, ಮಳೆ

ನಮ್ಮ ಜಿಲ್ಲೆಗೆ ಬರುವ ಪ್ರವಾಸಿಗರಲ್ಲಿ ಬಹಳ ಜನ ಬಯಲುಸೀಮೆಯ ರಸ್ತೆಯಲ್ಲಿ ಓಡಿಸಿ ಅಭ್ಯಾಸವಾದವರು. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ರಾಜ್ಯದಲ್ಲೇ ಎತ್ತರದ ಶಿಖರ. ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಕಷ್ಟ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಗೇರ್ ಇಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ಹಿಡಿತ ಕಡಿಮೆ, ಹಾಗಾಗಿ ಇನ್ನೂ ಹುಷಾರಾಗಿರಬೇಕು.

ಇದಕ್ಕೆ ಹೋಂಸ್ಟೇಗಳನ್ನು ಹಿಡಿಯಿರಿ. ರೂಮಿನ ಕೀ ಜೊತೆ ಕೊಡಲು ಅಂಗೈ ಅಗಲದ ಒಂದು ಕಾರ್ಡ್ ಮಾಡಿಸಿ. ಅದರಲ್ಲಿ ನಾಲ್ಕೇ ಮಾತಿರಲಿ. ಹತ್ತಿದ ಗೇರಿನಲ್ಲೇ ಇಳಿಯಿರಿ. ಕಿರಿದಾದ ಜಾಗದಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಿ (2017ರ ಚಾಲನಾ ನಿಯಮದಲ್ಲೇ ಇದು ಇದೆ). ಕುರುಡು ತಿರುವಿನಲ್ಲಿ ಹಾರ್ನ್ ಮಾಡಿ, ಓವರ್‌ಟೇಕ್ ಬೇಡವೇ ಬೇಡ. ಮಂಜಿದ್ದರೆ ಡಿಮ್ ಲೈಟ್ ಹಾಕಿ, ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಬ್ರೇಕ್ ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ತಣ್ಣಗಾಗುವವರೆಗೆ ಕಾಯಲಿ ಅಂತ ಹೋಂಸ್ಟೇಯವರು ಬಾಯಿಮಾತಿನಲ್ಲಿ ಹೇಳಲಿ. ಚಾರ್ಮಾಡಿ, ಶಿರಾಡಿ ಕಡೆಯ ಗುಂಪುಗಳಿಗೂ ಇದೇ ಕಾರ್ಡ್ ಸಾಕು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲುವ ಗಾಡಿಗಳಿಗೆ ಕೊಡುವಷ್ಟು ಒಳ್ಳೆಯ ಜಾಗ ಬೇರೆ ಸಿಗುವುದಿಲ್ಲ.

ಊರಿನವರಿಗೆ ಮಳೆಗಾಲದ ಪಾಠ ಬೇರೆ. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಹೋಗುತ್ತದೆ. ದನ ಅಡ್ಡ ಬಂದದ್ದನ್ನು ಕಂಡು ಬ್ರೇಕಿಗೆ ಕಾಲು ಹೋಗುವಷ್ಟರಲ್ಲೇ ಆ ದೂರ ಮುಗಿದಿರುತ್ತದೆ. ಇದನ್ನು ಬಾಯಲ್ಲಿ ಹೇಳಬೇಡಿ. ಶಾಲೆಯ ಮೈದಾನದಲ್ಲಿ ಹಗ್ಗ ಹಿಡಿದು 16 ಮೀಟರ್ ಅಳೆದು ತೋರಿಸಿ.

ಕಾಫಿ ಕುಯ್ಲಿನ ತಿಂಗಳುಗಳು

ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮ ರಸ್ತೆಯ ಸ್ವರೂಪವೇ ಬದಲಾಗುತ್ತದೆ. ಬೆಳಿಗ್ಗೆ ಏಳೂವರೆಗೆ ಪಿಕಪ್‌ಗಳ ಹಿಂದೆ ಇಪ್ಪತ್ತು ಇಪ್ಪತ್ತೈದು ಜನ ನಿಂತುಕೊಂಡು ಹೋಗುತ್ತಾರೆ. ಸರಕು ಸಾಗಿಸುವ ಗಾಡಿಯಲ್ಲಿ ಹೀಗೆ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಹಣ ಪಡೆಯಲು ಆ ಬಡವರು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಒಂದು ವರ್ಷ ನಮ್ಮ ಹತ್ತಿರದ ತಿರುವಿನಲ್ಲೇ ಅಂಥ ಒಂದು ಗಾಡಿ ಚರಂಡಿಗೆ ಇಳಿಯಿತು. ಕೈಕಾಲು ಮುರಿದುಕೊಂಡವರಲ್ಲಿ ಹೆಚ್ಚಿನವರು ಹೆಂಗಸರು. ಆ ದಿನ ನೋಡಿದ್ದನ್ನು ನಾನು ಮರೆಯಲಾರೆ.

ಇಲ್ಲಿ ಚಾಲಕನನ್ನು ಬೈದು ಪ್ರಯೋಜನವಿಲ್ಲ. ತೀರ್ಮಾನ ಮಾಡುವವರು ತೋಟದವರು. ಅಕ್ಟೋಬರಿನಲ್ಲೇ, ಕುಯ್ಲಿಗೆ ಮುಂಚೆ, ಅವರ ಮನೆಗೆ ಹೋಗಿ. ನಮ್ಮ ಜೊತೆ ಇದ್ದ ರೈಟರು ಹೀಗೆ ಶುರು ಮಾಡಿದರು: ‘ಗೌಡ್ರೇ, ಒಂದು ದಿನ ಗಾಡಿ ಮಗುಚಿದ್ರೆ ಕುಯ್ಲು ಹದಿನೈದು ದಿನ ನಿಲ್ಲತ್ತೆ.’ ಅಲ್ಲಿಂದ ಮಾತು ಮುಂದೆ ಹೋಯಿತು. ಅಕ್ಕಪಕ್ಕದ ಮೂರು ನಾಲ್ಕು ತೋಟದವರು ಸೇರಿ ಸೀಟಿರುವ ಒಂದು ಮಿನಿಬಸ್ ಗೊತ್ತು ಮಾಡಿದರೆ ಖರ್ಚು ಹಂಚಿ ಹೋಗುತ್ತದೆ. ಒಂದೇ ಸಲಕ್ಕೆ ಎಲ್ಲರೂ ಒಪ್ಪುವುದಿಲ್ಲ. ಒಪ್ಪದವರಲ್ಲಿ ಕನಿಷ್ಠ ಇಷ್ಟು ಕೇಳಿ: ಜನರನ್ನು ಎರಡು ಟ್ರಿಪ್ ಮಾಡಿ, ಕತ್ತಿ, ಗೊಬ್ಬರದ ಮೂಟೆ ಅದೇ ಗಾಡಿಯಲ್ಲಿ ಬೇಡ, ಗಾಡಿಯ ಹಿಂದಿನ ಡಾಲಾ ಬಾಗಿಲ ಮೇಲೆ ಯಾರೂ ಕೂರಬಾರದು. ಇದು ಪೂರ್ತಿ ಸರಿಯಾದ ಪರಿಹಾರ ಅಲ್ಲ, ಮುಂದಿನ ಅಕ್ಟೋಬರಿನಲ್ಲಿ ಮತ್ತೆ ಹೋಗಿ ಮಿನಿಬಸ್ಸನ್ನೇ ಕೇಳಬೇಕು.

ತೋಟದ ಕಾರ್ಮಿಕರು ಇರುವ ಲೈನ್ ಮನೆಗಳಿಗೂ ಹೋಗಿ. ಅಲ್ಲಿ ತಮಿಳು ಮಾತಾಡುವವರಿದ್ದಾರೆ, ಅಸ್ಸಾಮಿನಿಂದ ಬಂದವರೂ ಇದ್ದಾರೆ. ಅವರ ಭಾಷೆ ಬಲ್ಲ ಒಬ್ಬರನ್ನು ಗುಂಪಿಗೆ ಸೇರಿಸಿಕೊಳ್ಳದೆ ಈ ಕೆಲಸ ಆಗುವುದಿಲ್ಲ. ಸಂಜೆ ಕತ್ತಲಲ್ಲಿ ರಸ್ತೆ ಬದಿ ನಡೆಯುವವರಿಗೆ ಹೊಳೆಯುವ ಟೇಪಿನ ತುಂಡುಗಳನ್ನು ಚೀಲಕ್ಕೋ ಕೊಡೆಗೋ ಅಂಟಿಸಿ ಕೊಡಿ. ಟ್ರ್ಯಾಕ್ಟರ್ ಟ್ರೈಲರಿನ ಹಿಂಭಾಗಕ್ಕೂ ಕೆಂಪು ಟೇಪ್ ಹಚ್ಚಿ.

ಬಿದ್ದವರ ಹತ್ತಿರ ಹೋಗುವ ಧೈರ್ಯ

ಜನ ಹಿಂಜರಿಯುವುದು ಕೇಸಿನ ಭಯಕ್ಕೆ. ಆ ಭಯ ಈಗ ಬೇಕಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ನೆರವಾದವರನ್ನು ಕಾಪಾಡುತ್ತದೆ. ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ಒಳ್ಳೆಯ ಮನಸ್ಸಿನಿಂದ ಮಾಡಿದ ಸಹಾಯದಲ್ಲಿ ಏನಾದರೂ ಹೆಚ್ಚುಕಡಿಮೆ ಆದರೂ ಕೇಸಿಲ್ಲ. ಗಾಯಾಳುವಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆಯ ಯೋಜನೆಯನ್ನೂ ಕೇಂದ್ರ ಸರ್ಕಾರ 2025ರಲ್ಲಿ ತಂದಿದೆ. ಇದನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿ ಟೀ ಅಂಗಡಿಯಲ್ಲಿ ಅಂಟಿಸಿ.

ಆಮೇಲೆ ತರಬೇತಿ. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೋ ರೆಡ್‌ಕ್ರಾಸ್‌ನವರನ್ನೋ ಕೇಳಿ ಅರ್ಧ ದಿನ ಕೂರಿಸಿ. ರಕ್ತ ಹರಿಯುವ ಕಡೆ ಶುಭ್ರ ಬಟ್ಟೆ ಇಟ್ಟು ಬಿಡದೆ ಒತ್ತುವುದು, ಕುತ್ತಿಗೆ ಅಲುಗಾಡಿಸದಿರುವುದು, ಉಸಿರಾಡುತ್ತಿರುವವರ ಹೆಲ್ಮೆಟ್ ಎಳೆಯದಿರುವುದು, ನೀರು ಕುಡಿಸದಿರುವುದು, ಇವನ್ನು ಕೈಯಿಂದ ಮಾಡಿ ಕಲಿಯಬೇಕು. ಬರುವ ಗಾಡಿಗಳನ್ನು ನಿಧಾನ ಮಾಡಿಸಲು ಎರಡೂ ಕಡೆ ದೂರದಲ್ಲಿ ಒಬ್ಬೊಬ್ಬರು ನಿಲ್ಲುವುದೂ ಅದರಲ್ಲಿ ಸೇರಿದೆ.

ಮಲೆನಾಡಿಗೆ ಬೇಕಾದ ಇನ್ನೊಂದು ಕೆಲಸವಿದೆ: ನೆಟ್‌ವರ್ಕ್ ನಕ್ಷೆ. ಬೈಕಿನಲ್ಲಿ ನಿಧಾನವಾಗಿ ಹೋಗಿ, ಅಲ್ಲಲ್ಲಿ ನಿಲ್ಲಿಸಿ, ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ ಯಾವ ಕಂಪನಿಯ ಸಿಗ್ನಲ್ ಬರುತ್ತದೆ ಬರೆದುಕೊಳ್ಳಿ. ಸಿಗ್ನಲ್ ಇಲ್ಲದ ತಿರುವಿನಲ್ಲಿ ‘108ಕ್ಕೆ ಕರೆ ಮಾಡಲು ಈ ಕಡೆ 400 ಮೀಟರ್ ಹೋಗಿ’ ಅಂತ, ದೂರ ಅಳೆದು, ಪಂಚಾಯಿತಿಯ ಒಪ್ಪಿಗೆಯಿಂದ ಒಂದು ಬೋರ್ಡ್ ಹಾಕಿಸಿ. ಕರೆ ಮಾಡಿದಾಗ ಊರಿನ ಹೆಸರಿನ ಜೊತೆ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಹೇಳಲು ಎಲ್ಲರಿಗೂ ಕಲಿಸಿ. ಆಂಬ್ಯುಲೆನ್ಸಿನವರು ಹುಡುಕುತ್ತಾ ಕಳೆಯುವ ಹೊತ್ತು ಅದರಿಂದ ಉಳಿಯುತ್ತದೆ.

ತಪ್ಪು ರಸ್ತೆಯದ್ದಾದರೆ

ಎಲ್ಲ ಅಪಘಾತಕ್ಕೂ ಓಡಿಸುವವರೇ ಕಾರಣ ಅಲ್ಲ. ಲಂಟಾನ ಬೆಳೆದು ತಿರುವು ಮುಚ್ಚಿರುತ್ತದೆ, ಬಣ್ಣ ಬಳಿಯದ ಹಂಪ್ಸ್ ಇರುತ್ತದೆ, ಮಳೆಗೆ ರಸ್ತೆಯ ಅಂಚು ಕೊರೆದು ಹೋಗಿರುತ್ತದೆ. ನಾವೇ ಮಾಡಬಹುದಾದದ್ದನ್ನು, ಅಂದರೆ ಪೊದೆ ಸವರುವುದು, ಬೋರ್ಡಿನ ಪಾಚಿ ಒರೆಸುವುದು, ತಿರುವಿನ ಕನ್ನಡಿ ಶುಚಿ ಮಾಡುವುದು, ಸಂಬಂಧಪಟ್ಟವರಿಗೆ ತಿಳಿಸಿ ಶ್ರಮದಾನದಲ್ಲಿ ಮಾಡಿಬಿಡಿ. ಉಳಿದದ್ದಕ್ಕೆ ಪತ್ರ ಬರೆಯಿರಿ. ಮೊದಲು ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಿ, ಪಂಚಾಯಿತಿಯದಾ, ಲೋಕೋಪಯೋಗಿಯದಾ, ರಾಷ್ಟ್ರೀಯ ಹೆದ್ದಾರಿಯದಾ. ಒಂದು ಪತ್ರದಲ್ಲಿ ಒಂದೇ ತೊಂದರೆ, ಜಾಗದ ಗುರುತು, ಎರಡು ಫೋಟೊ, ನಿಮ್ಮ ಎಣಿಕೆಯ ಹಾಳೆ. ತಿಂಗಳಾದರೂ ಉತ್ತರ ಬರದಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅದರ ಪ್ರತಿ ಕೊಡಿ. ಒಂದು ಕಚೇರಿಯಲ್ಲಿ ನಮ್ಮ ಮೊದಲ ಪತ್ರ ಎಲ್ಲೋ ಕಳೆದೇ ಹೋಗಿತ್ತು. ಸ್ವೀಕೃತಿ ಇದ್ದದ್ದರಿಂದ ಎರಡನೇ ಸಲ ಹೋದಾಗ ಕೆಲಸವಾಯಿತು.

ಗುಂಪು ದೊಡ್ಡದಾಗುವಾಗ

ಬರುವವರಿಗೆ ಚಿಕ್ಕ ಕೆಲಸ ಕೊಡಿ, ಬೇಗ ಕೊಡಿ. ತಿಂಗಳಿಗೆ ಒಂದು ಗಂಟೆ ಎಣಿಸುವುದು, ಹಾಳೆ ಅಂಟಿಸುವುದು, ಜಾಕೆಟ್ ಒಗೆದು ತರುವುದು, ಇವೆಲ್ಲ ಕೆಲಸಗಳೇ. ಆರು ತಿಂಗಳಿಗೊಮ್ಮೆ ಮುಂದಾಳು ಬದಲಾಗಲಿ. ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡರೆ ಅವರ ಮನೆಯ ಒಂದು ಮದುವೆಗೆ ಗುಂಪಿನ ಕೆಲಸ ನಿಂತುಹೋಗುತ್ತದೆ.

ಮನೆಯವರನ್ನು ಅಪಘಾತದಲ್ಲಿ ಕಳೆದುಕೊಂಡವರು ತಾವಾಗಿ ಬಂದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ವೇದಿಕೆಗೆ ಎಳೆಯಬೇಡಿ. ನವೆಂಬರಿನ ಮೂರನೇ ಭಾನುವಾರ ರಸ್ತೆ ಅಪಘಾತದಲ್ಲಿ ತೀರಿಕೊಂಡವರನ್ನು ಲೋಕದೆಲ್ಲೆಡೆ ನೆನೆಯುತ್ತಾರೆ. ನಾವು ಆ ಸಂಜೆ ತಿರುವಿನ ಹತ್ತಿರದ ಮನೆಯ ಅಂಗಳದಲ್ಲಿ ದೀಪ ಹಚ್ಚಿ ಕೂರುತ್ತೇವೆ. ಭಾಷಣ ಇರುವುದಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ಲೆಕ್ಕದ ಪುಸ್ತಕ, ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದುವುದು. ಮದ್ಯದ ಅಂಗಡಿಯವರಿಂದ ದೇಣಿಗೆ ಬೇಡ, ಚುನಾವಣೆಗೆ ನಿಲ್ಲುವವರ ಹೆಸರು ಜಾಕೆಟ್ ಮೇಲೆ ಬೇಡ. ದೊಡ್ಡ ಮೊತ್ತ ಬರುವಂತಾದರೆ ಮಾತ್ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಾಯಿಸಿ. ಅದಕ್ಕೆ ಕನಿಷ್ಠ 7 ಜನ ಬೇಕು.

ಇಪ್ಪತ್ತು ಇಪ್ಪತ್ತೈದು ಜನ ಆದಮೇಲೆ ನಿಮ್ಮ ಗುಂಪನ್ನೇ ಹಿಗ್ಗಿಸಲು ಹೋಗಬೇಡಿ. ಪಕ್ಕದ ಊರಿನಿಂದ ಬರುತ್ತಿರುವವರನ್ನು ಗುರುತಿಸಿ, ಅವರ ಊರಿನಲ್ಲೇ ಐದು ಜನರನ್ನು ಹುಡುಕಲು ಹೇಳಿ. ಖಾಲಿ ಎಣಿಕೆ ಹಾಳೆಗಳ ಒಂದು ಕಟ್ಟು, ಎರಡು ಜಾಕೆಟ್, ಠಾಣೆಗೆ ಕೊಟ್ಟ ಪತ್ರದ ನಕಲು ಕೊಡಿ. ಅವರ ಮೊದಲ ಎಣಿಕೆಯ ದಿನ ನಿಮ್ಮಿಂದ ಇಬ್ಬರು ಹೋಗಿ ಜಗಲಿಯ ಮೇಲೆ ಜೊತೆಗೆ ಕೂರಿ. ಎರಡನೇ ತಿಂಗಳು ಒಬ್ಬರು ಹೋದರೆ ಸಾಕು. ಮೂರನೇ ತಿಂಗಳು ಅವರೇ ಎಣಿಸಿ, ತಮ್ಮ ಹಾಳೆಯನ್ನು ತಮ್ಮ ಡೇರಿಯ ಗೋಡೆಗೆ ಅಂಟಿಸಿಕೊಳ್ಳುತ್ತಾರೆ.